ಘಟ್ಟದ ಒಳದಾರಿಗಳಲ್ಲಿ ಕಾರಿನ ಪ್ರವಾಸ

ನಮ್ಮ ಸದಸ್ಯರಲ್ಲಿ ಬಹುಮಂದಿಯ ಮನೆಯಲ್ಲಿ ಈಗ ಕಾರಿದೆ. ಅದು ಓಡುವುದು ಮಾತ್ರ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ. ಮದುವೆ ಮುಂಜಿಗೆಂದು ಒಂದಿಷ್ಟು, ಮಕ್ಕಳ ಓದಿಗೆಂದು ಬೆಂಗಳೂರಿಗೋ ಮಂಗಳೂರಿಗೋ ಒಂದಿಷ್ಟು. ಶನಿವಾರ ಬಂತೆಂದರೆ ಬೆಂಗಳೂರಿನ ಜನ ನಮ್ಮ ಘಟ್ಟಗಳನ್ನು ನೋಡಲು ಸಾಲುಗಟ್ಟಿ ಬರುತ್ತಾರೆ. ನಾವೋ ಪಕ್ಕದ ತಾಲ್ಲೂಕಿನ ಘಟ್ಟವನ್ನು ಇಳಿದು ನೋಡಿರುವುದಿಲ್ಲ. ಸಕಲೇಶಪುರದ ಕಾಫಿ ಬೆಳೆಗಾರರಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಂತವರು ಕಡಿಮೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟ ಹೇಗೆ ಕಾಣುತ್ತದೆ, ಹೇಗೆ ಘಮಘಮಿಸುತ್ತದೆ ಎಂಬುದನ್ನು ಕಂಡ ಹೊಸನಗರದ ಅಡಿಕೆ ಬೆಳೆಗಾರರೂ ಕಡಿಮೆಯೇ. ಒಂದೇ ಬೆಟ್ಟಸಾಲಿನ ಎರಡು ಮಗ್ಗುಲಲ್ಲಿ ಬಾಳುವವರು ನಾವು. ನಾಲ್ಕು ದಿನ ಬಿಡುವು ಮಾಡಿಕೊಂಡರೆ ಈ ಮಗ್ಗುಲಿಂದ ಆ ಮಗ್ಗುಲಿಗೆ ಎರಡು ಸಲ ಇಳಿದು, ಎರಡು ಸಲ ಹತ್ತಿ ಬರಬಹುದು. ಅಂಥ ಒಂದು ಸುತ್ತನ್ನೂ, ಆ ದಾರಿಗಳಲ್ಲಿ ಗಾಡಿ ನಡೆಸುವ ಕ್ರಮವನ್ನೂ ಇಲ್ಲಿ ವಿವರಿಸಿದೆ.

ಸುತ್ತು ಹೀಗೆ: ಸಕಲೇಶಪುರದಿಂದ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಅಲ್ಲಿಂದ ಧರ್ಮಸ್ಥಳ, ಉಜಿರೆ ಮೇಲೆ ಹೋಗಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಘಟ್ಟದ ಮೇಲೇ ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ ಇಳಿದು ಹೆಬ್ರಿ, ಕೊನೆಗೆ ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತಿ ನಗರ. ಎಲ್ಲರೂ ಇಡೀ ಸುತ್ತನ್ನು ಮಾಡಬೇಕೆಂದಿಲ್ಲ. ಎರಡೇ ದಿನ ಇರುವವರು ಒಂದು ಇಳಿತ, ಒಂದು ಏರು ಸಾಕು ಮಾಡಬಹುದು.

ಶಿರಾಡಿಯನ್ನು ಬೇಕೆಂದೇ ಬಿಟ್ಟಿದ್ದೇವೆ. ಅದು ಮಂಗಳೂರು ಬಂದರಿನ ಸರಕೆಲ್ಲ ಹರಿಯುವ ಹೆದ್ದಾರಿ. ಅಲ್ಲಿ ಮುಂದಿನ ಟ್ಯಾಂಕರಿನ ಹಿಂಬದಿಯನ್ನು ನೋಡಿಕೊಂಡು ಹೋಗಬೇಕೇ ಹೊರತು ಕಾಡನ್ನಲ್ಲ.

ಹಳೆಯ ದಾರಿಯ ರಚನೆ

ಘಟ್ಟದ ಹಳೆಯ ದಾರಿಗಳೆಲ್ಲ ಮೊದಲು ಹೇರೆತ್ತಿನ ದಾರಿಗಳು. ಅಕ್ಕಿ, ಅಡಿಕೆ, ಮೆಣಸು ಕೆಳಗಿಳಿಯುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳಲ್ಲಿ ಕೆಲವನ್ನು ಗಾಡಿರಸ್ತೆಗಳಾಗಿ ಕಡಿದರು. ಭಾರ ಹೊತ್ತ ಎತ್ತು ಎಳೆಯಬಹುದಾದಷ್ಟೇ ಏರು ಇರಬೇಕಲ್ಲ. ಹಾಗಾಗಿ ರಸ್ತೆ ಗುಡ್ಡವನ್ನು ನೇರವಾಗಿ ಹತ್ತದೆ ಅದರ ಮಡಿಕೆಗಳನ್ನು ಅನುಸರಿಸಿ ಹೋಗುತ್ತದೆ. ಗುಡ್ಡ ಒಳಕ್ಕೆ ಸರಿದ ಕಡೆ ಒಂದು ಹಳ್ಳ, ಹಳ್ಳಕ್ಕೊಂದು ಮೋರಿ, ಮೇಲೆ ದಟ್ಟ ನೆರಳು, ಬೇಸಿಗೆಯಲ್ಲೂ ಒದ್ದೆ. ಗುಡ್ಡ ಹೊರಕ್ಕೆ ಚಾಚಿದ ಕಡೆ ಗಾಳಿ, ಬಿಸಿಲು, ಕೆಳಗಿನ ಕಣಿವೆಯ ನೋಟ. ಇಷ್ಟನ್ನು ಗಮನಿಸಿದರೆ ಗಾಡಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜಾರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ನಿಲ್ಲಿಸಬೇಕಾದ್ದು ಹೊರಚಾಚಿನ ಅಗಲ ಜಾಗದಲ್ಲಿ. ನಿಧಾನಿಸಬೇಕಾದ್ದು ಒಳಮಡಿಕೆಯ ಪಾಚಿಗಟ್ಟಿದ ಮೋರಿಯ ಮೇಲೆ.

ಯಾವಾಗ ಹೊರಡಬೇಕು

ಬೆಳೆಗಾರನಿಗೆ ಬಿಡುವು ಸಿಗುವುದೇ ಎರಡು ಸಲ. ಶಿವರಾತ್ರಿ ಕಳೆದು ಯುಗಾದಿ ವರೆಗೆ ಒಂದು. ಮಳೆ ಹಿಮ್ಮೆಟ್ಟಿ, ದಸರಾ ಮುಗಿದು, ಕೊಯ್ಲು ಬಿರುಸಾಗುವ ಮುಂಚೆ ಒಂದು. ಕಣ್ಣಿಗೆ ತಂಪು ಎರಡನೆಯದೇ. ಹಳ್ಳಗಳು ತುಂಬಿರುತ್ತವೆ, ಬೆಟ್ಟದ ನೆತ್ತಿಯ ಹುಲ್ಲು ಹಸಿರಾಗಿರುತ್ತದೆ. ಆದರೆ ಮಳೆಗಾಲದ ಗುಂಡಿಗಳನ್ನು ಆಗ ಇನ್ನೂ ಮುಚ್ಚಿರುವುದಿಲ್ಲ; ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೂ ಉಂಟು. ಅಡಿಕೆಯವರಿಗೆ ಮೊದಲ ಕೊಯ್ಲಿನ ಚಿಂತೆ ಬೇರೆ. ಶಿವರಾತ್ರಿಯ ನಂತರವಾದರೆ ರಸ್ತೆ ಒಣಗಿರುತ್ತದೆ, ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ರೋಬಸ್ಟಾದವರು ಮಾತ್ರ ರೈಟರಿಗೆ ಒಪ್ಪಿಸಿ ಬರಬೇಕಾಗುತ್ತದೆ. ಜಲಪಾತಗಳು ಆಗ ಸೊರಗಿರುತ್ತವೆ, ಬಾಣಂಚು ಬೂದಿಬಣ್ಣಕ್ಕೆ ತಿರುಗಿರುತ್ತದೆ, ಕಾಡಿಗೆ ಬೆಂಕಿಯ ಭಯವಿರುತ್ತದೆ. ಬೀಡಿ ಸಿಗರೇಟಿನ ತುಂಡನ್ನು ಕಿಟಕಿಯಿಂದ ಎಸೆಯುವವರನ್ನು ಗಾಡಿಗೆ ಹತ್ತಿಸಿಕೊಳ್ಳಬೇಡಿ. ಹೂಮಳೆ ಬಿದ್ದ ವಾರವೇ ಸಿಕ್ಕಿದರಂತೂ ಬೇರೆ ಏನೂ ನೋಡಬೇಕಾಗಿಲ್ಲ, ವಾಸನೆಯೇ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿನೋದಕ್ಕಾಗಿ ಘಟ್ಟ ಇಳಿಯಬೇಡಿ ಎಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳಿದೆ.

ಬಿಸಿಲೆ

ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಮೆಟ್ಟಿಲು ಹತ್ತಿ ನೋಡಿ, ಹಿಂದಿರುಗಿ ಬಿಸಿಲೆ ರಸ್ತೆ ಹಿಡಿಯಬೇಕು. ಮೊದಲ ಹತ್ತಾರು ಕಿಲೋಮೀಟರು ಕಾಫಿ, ಏಲಕ್ಕಿ, ಗದ್ದೆ. ವಣಗೂರು ದಾಟಿದ ಮೇಲೆ ತೋಟಗಳು ತೆಳುವಾಗಿ ಕಾಡು ಮುಂದಕ್ಕೆ ಬರುತ್ತದೆ.

ಈ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ನೀರು ಇಬ್ಭಾಗವಾಗುವ ದಿಣ್ಣೆಯೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಹನಿ ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬಿ ಸಮುದ್ರಕ್ಕೆ. ಮಕ್ಕಳಿಗೆ ತೋರಿಸಬೇಕಾದ ಜಾಗ. ಶಾಲೆಯ ನಕ್ಷೆಯಲ್ಲಿ ಬರೀ ಗೆರೆಯಾಗಿ ಕಂಡದ್ದು ಇಲ್ಲಿ ಕಾಲಡಿಯ ಮಣ್ಣಾಗಿ ಸಿಗುತ್ತದೆ. ಮುಂದೆ ಬಿಸಿಲೆಯ ನೋಟದ ಕಟ್ಟೆಯಲ್ಲಿ ನಿಂತರೆ ಎದುರಿಗೆ 1,712 ಮೀಟರ್ ಎತ್ತರದ ಕುಮಾರಪರ್ವತ. ನಡುವೆ ಒಂದೂ ಮನೆ ಕಾಣದ ಕಣಿವೆ.

ಇಲ್ಲಿಂದ ಕುಲ್ಕುಂದದವರೆಗೆ ಆನೆಗಳ ಕಾಡು. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಆನೆಯ ವಿಷಯ ನಾವು ಹೇಳಿಕೊಡಬೇಕಾಗಿಲ್ಲ. ಅಡಿಕೆ ನಾಡಿನಿಂದ ಬರುವ ಸದಸ್ಯರಿಗಾಗಿ ಎರಡು ಮಾತು. ಮುಂಜಾನೆ ಬೆಳಕು ಹರಿಯುವ ಮೊದಲು, ಸಂಜೆ ಐದರ ಮೇಲೆ ಈ ದಾರಿಗೆ ಇಳಿಯಬೇಡಿ. ರಸ್ತೆಯಲ್ಲಿ ಹಸಿ ಲದ್ದಿ, ಆಗತಾನೇ ಮುರಿದ ಬೈನೆಯೋ ಬಿದಿರೋ ಕಂಡರೆ ವೇಗ ಇಳಿಸಿ ಮುಂದಿನ ತಿರುವನ್ನು ಗಮನಿಸಿ. ಆನೆ ಕಂಡರೆ ದೂರದಲ್ಲೇ ನಿಂತು, ಹಾರನ್ ಬಾರಿಸದೆ, ಪ್ರಖರ ದೀಪ ಹಾಕದೆ, ಅದು ದಾಟುವವರೆಗೆ ಕಾಯಬೇಕು. ಒಂದು ದಾಟಿದ ಕೂಡಲೇ ಹೊರಡಬಾರದು. ಹಿಂದೆ ಮರಿಯೊಡನೆ ಇನ್ನೊಂದು ಇರುವುದೇ ಹೆಚ್ಚು. ಮೊಬೈಲು ಹಿಡಿದು ಕೆಳಗಿಳಿಯುವವರಿಗೆ ಹೇಳುವ ಮಾತು ನಮ್ಮಲ್ಲಿಲ್ಲ.

ಚಾರ್ಮಾಡಿ ಮತ್ತು ಧರೆಯ ವಿಷಯ

ಸುಬ್ರಹ್ಮಣ್ಯದಿಂದ ಉಜಿರೆವರೆಗಿನ ದಾರಿ ಚಾಲಕನಿಗೆ ವಿಶ್ರಾಂತಿ. ನೋಡುವವರಿಗೆ ಮಾತ್ರ ಇಲ್ಲೊಂದು ಪಾಠವಿದೆ. ಬೇಸಿಗೆಯ ತಲೆಯಲ್ಲಿ ಹೋದರೆ ಅಂಗಳಗಳಲ್ಲೆಲ್ಲ ಸಿಪ್ಪೆ ಸಮೇತ ಅಡಿಕೆ ಒಣಗುತ್ತಿರುತ್ತದೆ. ಹಣ್ಣಾದ ಅಡಿಕೆಯನ್ನು ಕೊಯ್ದು ಸುಮಾರು 40–45 ದಿನ ಬಿಸಿಲಿನಲ್ಲಿ ಹಾಕಿ, ಆಮೇಲೆ ಸುಲಿದರೆ ಚಾಲಿ. ಘಟ್ಟದ ಮೇಲಿನವರು ಎಳೆಯದನ್ನೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಒಂದೇ ಜಾತಿಯ ಮರ, ಎರಡು ಮಾರುಕಟ್ಟೆ. ಕೆಳಗೆ ಮಳೆ ಬಿಟ್ಟ ಮೇಲೆ ತಿಂಗಳುಗಟ್ಟಲೆ ಕಾಯುವ ಬಿಸಿಲಿದೆ, ಮೇಲೆ ಕೊಯ್ಲಿನ ಕಾಲದಲ್ಲೂ ಮೋಡ ಇಣುಕುತ್ತದೆ ಎಂಬುದು ಈ ವ್ಯತ್ಯಾಸಕ್ಕೆ ಇರುವ ಕಾರಣಗಳಲ್ಲಿ ಒಂದು. ಎರಡು ಗಂಟೆಯ ಪ್ರಯಾಣದಲ್ಲಿ ಇದು ಕಣ್ಣಿಗೆ ಬೀಳುತ್ತದೆ.

ಉಜಿರೆಯಿಂದ ಚಾರ್ಮಾಡಿ ಊರು ದಾಟಿದರೆ ಏರು ಶುರು. ಅಡಿಕೆ, ತೆಂಗು, ರಬ್ಬರು ಹಿಂದೆ ಉಳಿದು, ದಟ್ಟ ಕಾಡು ಬಂದು, ಅದೂ ಮುಗಿದು ಬೋಳು ಹುಲ್ಲುಬೆಟ್ಟಗಳು ಬರುತ್ತವೆ. ನೆತ್ತಿಯ ಮೇಲೆ ಕೊಟ್ಟಿಗೆಹಾರ. ಅಲ್ಲಿಂದ ಪೂರ್ವಕ್ಕೆ ಕಾಫಿ. ನೆತ್ತಿಯ ಪಡುಮಗ್ಗುಲಿನಲ್ಲೇ ಕಾಫಿ ಏಕಿಲ್ಲ ಎಂದು ಅಡಿಕೆಯವರು ಕೇಳುವುದುಂಟು. ಅರೇಬಿಕಾಕ್ಕೆ 1,000ದಿಂದ 1,500 ಮೀಟರ್ ಎತ್ತರ, 1,600ರಿಂದ 2,500 ಮಿಲಿಮೀಟರ್ ಮಳೆ ಹಿತ. ಪಡುಮಗ್ಗುಲಿಗೆ ಬೀಳುವ ಮಳೆ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ನೀರಿನಲ್ಲಿ ಎಲೆ, ಕಾಯಿ ಕೊಳೆಯುತ್ತದೆ. ಈ ಕೊಳೆಯನ್ನು ಉಂಟುಮಾಡುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಕುಲನಾಮವೇ ‘ಕೊಳೆರೋಗ’. ಕಾಫಿಯವರೂ ಅಡಿಕೆಯವರೂ ಬೇರೆ ಬೇರೆ ರೋಗಕ್ಕೆ ಬಳಸುತ್ತ ಬಂದ ನಮ್ಮ ಮಾತು ಲ್ಯಾಟಿನ್ ಪಟ್ಟಿಯೊಳಗೆ ಹೋಗಿ ಕುಳಿತಿದೆ.

ಈಗ ಮಳೆಗಾಲದಲ್ಲಿ ಬೇಡವೆಂದುದರ ಕಾರಣ. 2019ರ ಆಗಸ್ಟ್‌ನ ಮಳೆಯಲ್ಲಿ ಚಾರ್ಮಾಡಿ ಹಲವಾರು ಕಡೆ ಕುಸಿದು ಸಂಚಾರ ನಿಂತುಹೋಯಿತು. ಆಮೇಲೆಯೂ ಬಹಳ ಕಾಲ ಭಾರಿ ವಾಹನಗಳನ್ನು ಬಿಡಲಿಲ್ಲ. ಅದಕ್ಕೆ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಕೊಡಗಿನಲ್ಲಿ ಬೆಟ್ಟಗಳು ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. ನಮ್ಮ ಬೆಟ್ಟಗಳು ಮೇಲೆ ನೋಡಲು ಗಟ್ಟಿ. ಒಳಗೆ ಬಂಡೆಯ ಮೇಲೆ ಹಲವು ಮೀಟರ್ ದಪ್ಪದ ಕೊಳೆತ ಕಲ್ಲು, ಜಂಬಿಟ್ಟಿಗೆ, ಮಣ್ಣು. ಸತತ ಮಳೆಯಲ್ಲಿ ನೀರು ಮಣ್ಣಿನೊಳಕ್ಕೆ ಇಳಿದು, ಕೆಳಗಿನ ಬಂಡೆಯ ಮೇಲೆ ತಡೆದು ನಿಂತು, ಮಣ್ಣನ್ನು ಒಳಗಿನಿಂದಲೇ ಎತ್ತಿ ಸಡಿಲಿಸುತ್ತದೆ. ರಸ್ತೆಗಾಗಿ ಬುಡ ಕಡಿದು ನಿಲ್ಲಿಸಿದ ಧರೆ ಆಗ ಹಿಡಿತ ಕಳೆದುಕೊಂಡು ಜಾರುತ್ತದೆ. ಮೋರಿ ಕಟ್ಟಿಕೊಂಡಿದ್ದರೆ, ಮೇಲ್ಗಡೆ ಇಂಗುಗುಂಡಿಯಂತೆ ಅಗೆದು ಸಮತಟ್ಟು ಮಾಡಿದ್ದರೆ, ಇನ್ನೂ ಬೇಗ. ಮಳೆ ನಿಂತು ಬಿಸಿಲು ಬಿದ್ದ ದಿನವೂ ಧರೆ ಬೀಳುವುದುಂಟು. ಒಳಗೆ ಸೇರಿದ ನೀರಿಗೆ ಆಕಾಶದ ಬಿಸಿಲು ಗೊತ್ತಿಲ್ಲವಷ್ಟೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಬಿದ್ದದ್ದು ರಸ್ತೆಯ ಬದಿಯಲ್ಲಿ ಚಹಾದಂಗಡಿ ಇದ್ದ, ಲಾರಿಗಳವರು ನಿಂತು ದಣಿವಾರಿಸಿಕೊಳ್ಳುತ್ತಿದ್ದ ಜಾಗದ ಮೇಲೆ. ಪ್ರವಾಸ ಹೊರಟವರು ಇದರಿಂದ ನೆನಪಿಡಬೇಕಾದ್ದು ಒಂದುಂಟು: ಕಡಿದ ಧರೆಯ ಕೆಳಗೆ, ಮಳೆಯ ದಿನಗಳಲ್ಲಿ, ಚಹಾಕ್ಕಾಗಲಿ ಫೋಟೋಕ್ಕಾಗಲಿ ಗಾಡಿ ನಿಲ್ಲಿಸಬಾರದು. ರಸ್ತೆಗೆ ಸಮಾನವಾಗಿ ಹೊಸ ಬಿರುಕು, ಒಮ್ಮೆಲೇ ವಾಲಿದ ಮರ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದದ್ದು, ಮೇಲಿಂದ ಒಂದೊಂದೇ ಕಲ್ಲು ಉರುಳುವುದು ಇವೆಲ್ಲ ಮುನ್ಸೂಚನೆಗಳು. ಕಂಡರೆ ಹಿಂದಕ್ಕೆ ತಿರುಗಿಸಿ, ಎದುರು ಬರುವವರಿಗೂ ತಿಳಿಸಿ.

ಚಾರ್ಮಾಡಿಯಲ್ಲಿ ಬೇಸಿಗೆಯಲ್ಲೂ ಸಂಜೆ ಮಂಜು ಕವಿಯುವುದುಂಟು. ಪ್ರಖರ ದೀಪ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ತಗ್ಗು ದೀಪದಲ್ಲಿ, ಎಡದಂಚಿನ ಬಿಳಿಗೆರೆಯನ್ನು ನೋಡಿಕೊಂಡು ಹೋಗಬೇಕು. ಕೊಟ್ಟಿಗೆಹಾರ ಮುಟ್ಟಿದ ಮೇಲೆ ನೀರುದೋಸೆ ತಿನ್ನದೆ ಮುಂದೆ ಹೋಗುವವರು ವಿರಳ.

ಕುದುರೆಮುಖದ ಗಡಿಗಳು

ಕೊಟ್ಟಿಗೆಹಾರದಿಂದ ಬಾಳೂರು ಮಾರ್ಗವಾಗಿ ಕಳಸಕ್ಕೆ ಹೋಗುವ ದಾರಿ ಈ ಸುತ್ತಿನಲ್ಲೇ ಅತ್ಯಂತ ಸೊಗಸಾದದ್ದೆಂದು ನಮ್ಮ ಮತ. ಅಗಲ ಕಡಿಮೆ, ತಿರುವು ಹೆಚ್ಚು, ಕಾಫಿಯ ನಡುವೆ ಅಲ್ಲಲ್ಲಿ ಚಹಾ ತೋಟ, ಎಡಕ್ಕೆ ಬಲ್ಲಾಳರಾಯನದುರ್ಗದ ಬೆಟ್ಟ. ಆ ಬೆಟ್ಟದ ಬುಡದ ಜಾವಳಿಯ ಬಳಿ ಹೇಮಾವತಿ ಹುಟ್ಟುತ್ತದೆ. ಕಳಸಕ್ಕೆ ಬಂದರೆ ಭದ್ರೆ ಸಿಗುತ್ತದೆ. ಬೆಳಿಗ್ಗೆ ಕಂಡದ್ದು ನೇತ್ರಾವತಿಯ ಕಡೆಯ ನೀರು. ಮಧ್ಯಾಹ್ನ ಕಂಡದ್ದು ಕಾವೇರಿಯದು. ಸಂಜೆಯದು ತುಂಗಭದ್ರೆ, ಕೃಷ್ಣೆಯದು.

ಈ ದಾರಿಯಲ್ಲಿ ಮೊಬೈಲಿನ ನಕ್ಷೆಯನ್ನು ಪೂರಾ ನಂಬಬೇಡಿ. ಅದು ಹತ್ತಿರದ ದಾರಿಯೆಂದು ಯಾರದೋ ತೋಟದ ಖಾಸಗಿ ರಸ್ತೆಗೆ, ಲೈನ್ ಮನೆಗಳ ಅಂಗಳಕ್ಕೆ ಕೊಂಡೊಯ್ದು ಬಿಡುವುದುಂಟು. ನಡುವೆ ಸಂಪರ್ಕ ಕಡಿದುಹೋಗುವುದೂ ಸಾಮಾನ್ಯ. ಊರ ಹೆಸರುಗಳನ್ನು ಅನುಕ್ರಮವಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು, ಅಂಗಡಿಕಟ್ಟೆಯಲ್ಲಿ ಕೇಳಿ ಹೋಗುವುದು ಉತ್ತಮ. ನಮ್ಮ ಗೇಟಿಗೆ ಅಡ್ಡಲಾಗಿ ಹೊರಗಿನವರು ಗಾಡಿ ನಿಲ್ಲಿಸಿದರೆ, ಕಣದ ಪಕ್ಕ ಸೀಸೆ ಎಸೆದುಹೋದರೆ ನಮಗೆ ಏನನ್ನಿಸುತ್ತದೋ ಅದನ್ನು ಬೇರೆ ತಾಲ್ಲೂಕಿನಲ್ಲಿ ನೆನಪಿಟ್ಟುಕೊಂಡರೆ ಸಾಕು.

ಕಳಸದಿಂದ ಸಂಸೆ ದಾಟಿ ಕುದುರೆಮುಖ. ಇಲ್ಲಿ ಕಬ್ಬಿಣದ ಅದಿರು ಅಗೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಗಾಗಿ ಕಟ್ಟಿದ ಪಟ್ಟಣದ ಬೀದಿಗಳಲ್ಲಿ ಈಗ ಸದ್ದಿಲ್ಲ. ಉದ್ಯಾನದೊಳಗಿನ ರಸ್ತೆಗೆ ತಪಾಸಣಾ ಗೇಟುಗಳಿವೆ. ಗಾಡಿಯ ನಂಬರು, ಹೊತ್ತು ಬರೆದು ಚೀಟಿ ಕೊಡುತ್ತಾರೆ. ಕಂಡಲ್ಲಿ ನಿಲ್ಲಿಸಿ ಅಡುಗೆ ಹೂಡುವಂತಿಲ್ಲ. ಬೆಳಕಿರುವಾಗಲೇ ದಾಟುವಂತೆ ಕಳಸದಿಂದ ಹೊರಡಬೇಕು. ಶೋಲಾ ಕಾಡು ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಬೆಳೆದು, ದಿಣ್ಣೆಗಳಲ್ಲಿ ಬರೀ ಹುಲ್ಲು ಇರುವ ನೋಟ ಇಲ್ಲಿ ಬಹಳ ಚೆನ್ನಾಗಿ ಸಿಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಬೆಟ್ಟಗಳ ಗಂಗಾಮೂಲದಲ್ಲೇ ಹುಟ್ಟುತ್ತವೆ.

ಮುಂದಿನ ಕವಲಿಗೆ ಎಸ್.ಕೆ. ಬಾರ್ಡರ್ ಎಂದು ಹೆಸರು. ಸೌತ್ ಕೆನರಾ ಜಿಲ್ಲೆ ಎಂಬ ಹೆಸರು ಅಳಿದು ಎಷ್ಟೋ ದಶಕಗಳಾದರೂ ಬಸ್ಸಿನ ಕಂಡಕ್ಟರರ ಬಾಯಲ್ಲಿ ಆ ಗಡಿ ಅಳಿದಿಲ್ಲ. ಎಡಕ್ಕೆ ಬಜಗೋಳಿ, ಕಾರ್ಕಳ. ಬಲಕ್ಕೆ ಕೆರೆಕಟ್ಟೆ, ಶೃಂಗೇರಿ. ರಾತ್ರಿ ಶೃಂಗೇರಿಯಲ್ಲಿ ತಂಗುವುದು ಅನುಕೂಲ.

ಆಗುಂಬೆ ಇಳಿಯುವುದು

ಶೃಂಗೇರಿಯಿಂದ ಬೇಗಾರು ಮೇಲೆ ಆಗುಂಬೆಗೆ ಒಂದು ಗಂಟೆಯ ಒಳಗಿನ ದಾರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು. ಶಂಕರನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ್ದು ಇಲ್ಲಿಯೇ. ಕಾಳಿಂಗಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡಿನ ಸಂಶೋಧನಾ ಕೇಂದ್ರ 2005ರಿಂದ ಇದೆ. ಸೂರ್ಯಾಸ್ತದ ಕಟ್ಟೆಗೆ ಜನ ಮುಗಿಬೀಳುತ್ತಾರೆ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಒಟ್ಟಿಗೆ ಕತ್ತಲಲ್ಲಿ ಘಾಟಿ ಇಳಿಯುವುದರಿಂದ, ಹೊಸಬ ಚಾಲಕರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳಿತು. ಕರಾವಳಿಯ ಬಯಲು ಬೆಳಿಗ್ಗೆಯೂ ಕಾಣುತ್ತದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳು. ಎತ್ತರದಲ್ಲಿ ಸುಮಾರು 500 ಮೀಟರ್ ಇಳಿತ. ತಿರುವು ಇಕ್ಕಟ್ಟಾದ್ದರಿಂದ ದೊಡ್ಡ ಲಾರಿ ಬಸ್ಸುಗಳಿಗೆ ಇಲ್ಲಿ ಪ್ರವೇಶವಿಲ್ಲ. ಇಳಿಯುವಾಗ ಬ್ರೇಕಿಗೆ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕೈದು ಜನ ಕುಳಿತ ಕಾರು ಒಂದೂವರೆ ಟನ್ ತೂಗುತ್ತದೆಂದುಕೊಳ್ಳಿ. ಅದು 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎಲ್ಲವನ್ನೂ ಬ್ರೇಕಿನಿಂದಲೇ ತಡೆದರೆ, ಇಪ್ಪತ್ತು ಲೀಟರಿಗೂ ಹೆಚ್ಚು, ಅಂದರೆ ಸುಮಾರು ಎರಡು ಕೊಡ, ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ ಅಂಗೈಯಗಲದ ಆ ಪ್ಯಾಡುಗಳಲ್ಲೂ ಚಕ್ರದ ತಟ್ಟೆಗಳಲ್ಲೂ ಹುಟ್ಟುತ್ತದೆ. ಪ್ಯಾಡು ಅತಿಯಾಗಿ ಕಾದರೆ ಹಿಡಿತ ಸಡಿಲವಾಗುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು; ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದಿದು ಆವಿಗುಳ್ಳೆ ಎದ್ದರೆ ಪೆಡಲು ಮೆತ್ತಗೆ ನೆಲಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ತೇವದಲ್ಲಿ ಈ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ದುಂದಲ್ಲ.

ಉಪಾಯ ಹಳೆಯದೇ: ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಎರಡನೆಯ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಆ ಶಾಖವನ್ನು ರೇಡಿಯೇಟರ್ ಹೊರಹಾಕುತ್ತದೆ. ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು; ಇಡೀ ಘಾಟಿಗೂ ಕಾಲನ್ನು ಅದರ ಮೇಲೆಯೇ ಇಟ್ಟು ಉಜ್ಜುತ್ತ ಇಳಿಯಬಾರದು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಅಂಬಾಸಿಡರ್ ಕಾಲದಿಂದ ಕೆಲವರಿಗೆ ಉಳಿದುಬಂದಿದೆ. ಅದು ಅಂದೂ ತಪ್ಪು, ಇಂದು ಇನ್ನೂ ತಪ್ಪು. ಎಂಜಿನ್ ನಿಂತರೆ ಈಗಿನ ಕಾರುಗಳ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವೇ ನಿಂತುಹೋಗುತ್ತದೆ. ಆಟೊಮ್ಯಾಟಿಕ್ ಗೇರಿನ ಗಾಡಿ ಇರುವವರು ಅದರಲ್ಲಿ ಕೆಳಗೇರು ಹಿಡಿದಿಡುವ ಕ್ರಮವನ್ನು ಹೊರಡುವ ಮೊದಲೇ ಕಲಿತಿರಬೇಕು. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಂತು ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಹೊಯ್ಯಬೇಡಿ, ತಟ್ಟೆ ಬಿರುಕು ಬಿಡುತ್ತದೆ.

ಇಕ್ಕಟ್ಟಾದ ಘಟ್ಟದಲ್ಲಿ ಏರುವ ಗಾಡಿಗೆ ದಾರಿ ಮೊದಲು. ಇಳಿಯುವವರು ಪಕ್ಕಕ್ಕೆ ನಿಲ್ಲಬೇಕು. ಮೋಟಾರು ವಾಹನ ನಿಯಮವೂ ಇದನ್ನೇ ಹೇಳುತ್ತದೆ. ಇಳಿಜಾರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವುದು ಸುಲಭ, ಏರಿನಲ್ಲಿ ನಿಂತದ್ದು ಹೊರಡುವಾಗ ಹಿಂದಕ್ಕೆ ಜಾರುತ್ತದೆ ಎಂಬುದು ಇದರ ಅರ್ಥ. ತಿರುವಿನಲ್ಲಿ ಕೋತಿಗಳು ಕೂತಿರುತ್ತವೆ. ಬಾಳೆಹಣ್ಣು ಎಸೆಯುವವರಿಂದಲೇ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತಿವೆ.

ಹುಲಿಕಲ್, ನಗರ

ಹೆಬ್ರಿಯಿಂದ ಕುಂದಾಪುರ ಕಡೆಯ ಸಿದ್ಧಾಪುರಕ್ಕೆ ಬಂದು, ಹೊಸಂಗಡಿಯಿಂದ ಬಾಳೆಬರೆ ಅಥವಾ ಹುಲಿಕಲ್ ಘಾಟಿ ಹತ್ತಬೇಕು. ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ ವಿದ್ಯುದಾಗಾರ ಬೆಟ್ಟದ ಹೊಟ್ಟೆಯೊಳಗಿದೆ. ಮೇಲೆ ಹೋಗುವವರಿಗೆ ಕಾಡು ಮಾತ್ರ ಕಾಣುತ್ತದೆ. ಏರು ಕಡಿದಾಗಿದೆ. ಹಳೆಯ ಗಾಡಿಯಾದರೆ ಎ.ಸಿ. ಆರಿಸಿ, ಉಷ್ಣಮಾಪಕದ ಮುಳ್ಳನ್ನು ಆಗಾಗ ನೋಡುತ್ತ, ಮಾಸ್ತಿಕಟ್ಟೆಯಲ್ಲಿ ಸ್ವಲ್ಪ ನಿಲ್ಲಿಸಿ ಹೋಗಬೇಕು.

ಯಡೂರು ದಾಟಿ ನಗರಕ್ಕೆ ಬಂದರೆ ಇದೇನು ಬಿದನೂರೇ ಎಂದು ಅಚ್ಚರಿಯಾಗುತ್ತದೆ. ಕೆಳದಿ ಅರಸರ ರಾಜಧಾನಿಯಾಗಿ, ಘಟ್ಟದ ಕೆಳಗಿನ ಬಸರೂರು ಬಂದರಿಗೆ ಮೆಣಸು, ಅಕ್ಕಿ ಇಳಿಸುತ್ತಿದ್ದ ಪಟ್ಟಣ. 1763ರಲ್ಲಿ ಹೈದರಾಲಿ ಇದನ್ನು ಗೆದ್ದ. ಈಗ ಉಳಿದಿರುವುದು ಕೋಟೆಯ ಗೋಡೆ, ದೇವಗಂಗೆಯ ಕೊಳ, ಸುತ್ತ ಅಡಿಕೆ ತೋಟ. ಗದ್ದೆ ತೋಟಗಳಿಗೆ ಕಂದಾಯ ಗೊತ್ತುಪಡಿಸಿದ ಶಿವಪ್ಪನಾಯಕನ ಶಿಸ್ತು ಹದಿನೇಳನೆಯ ಶತಮಾನದಲ್ಲಿ ಹೊರಟದ್ದು ಈ ಅರಮನೆಯಿಂದ. 1801ರಲ್ಲಿ ಸೋಂದೆ, ಇಕ್ಕೇರಿ ದಾರಿಯಾಗಿ ನಗರಕ್ಕೆ ಬಂದ ಫ್ರಾನ್ಸಿಸ್ ಬುಕನನ್ ಈ ಸೀಮೆಯ ಅಡಿಕೆ ಬೇಸಾಯವನ್ನು ದೀರ್ಘವಾಗಿ ಬರೆದಿಟ್ಟಿದ್ದಾನೆ. ಕಣಿವೆಯ ತಳದಲ್ಲಿ ತೋಟ, ಮೇಲೆ ಸೊಪ್ಪಿನಬೆಟ್ಟ, ನಡುವೆ ಮನೆ ಎಂಬ ಜೋಡಣೆ ಇಂದಿಗೂ ಹಾಗೆಯೇ ಇದೆ. ಕಾಫಿಯವರು ಇಲ್ಲಿ ಪರಿಚಯದ ಮನೆಯೊಂದಿದ್ದರೆ ಒಂದು ಸಂಜೆ ಕಳೆಯಲೇಬೇಕು. ಸೊಪ್ಪಿನಬೆಟ್ಟವಿಲ್ಲದೆ ಅಡಿಕೆ ತೋಟ ಏಕೆ ಬಡವಾಗುತ್ತದೆಂಬುದನ್ನು ಅಲ್ಲಿಯವರ ಬಾಯಿಂದಲೇ ಕೇಳಬಹುದು.

ಹೀಗೆ ಮನೆ ಮನೆಗೆ ಹೋದಾಗ ಸಸಿ, ಗೋಟು, ಮೆಣಸಿನ ಬಳ್ಳಿ ಕೇಳಿ ಡಿಕ್ಕಿಗೆ ತುಂಬಿಕೊಳ್ಳುವುದು ನಮ್ಮವರ ಸಂಪ್ರದಾಯ. ಈ ಪ್ರವಾಸದಲ್ಲಿ ಅದನ್ನು ಕೈಬಿಡಿ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹಾಳಾದದ್ದು ಎಲ್ಲರಿಗೂ ತಿಳಿದದ್ದೇ. ಅದನ್ನು ಗಿಡದಿಂದ ಗಿಡಕ್ಕೆ ಹರಡುವುದು ಜಿಗಿಹುಳು. ಸಸಿಯೊಡನೆ ಸೋಂಕನ್ನು ಹೊತ್ತು ತರುವುದು ನಾವು. ಮೆಣಸಿನ ಸೊರಗು ರೋಗ ಬೇರಿನ ಮಣ್ಣಿನಲ್ಲಿ ಬರುತ್ತದೆ. ಕಾಫಿಯ ಕಾಯಿಕೊರಕ 1990ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು ನೀಲಗಿರಿಯ ಗೂಡಲೂರಿನಲ್ಲಿ. ಅದು ಈ ಊರುಗಳಿಗೆಲ್ಲ ನಡೆದುಕೊಂಡು ಬರಲಿಲ್ಲ, ಚೀಲದಲ್ಲಿ, ಗಾಡಿಯಲ್ಲಿ ಬಂತು. ತೋಟಕ್ಕೆ ಇಳಿದ ಚಪ್ಪಲಿ, ಬೂಟುಗಳ ಮಣ್ಣನ್ನು ಅಲ್ಲೇ ತೊಳೆದು ಹತ್ತಿ. ಸಸಿ ಬೇಕೆನ್ನುವವರು ಊರಿಗೆ ಹೋದ ಮೇಲೆ ನಂಬಿಕೆಯ ಸಸ್ಯಕ್ಷೇತ್ರದಿಂದ ತರಿಸಿಕೊಳ್ಳಲಿ.

ನಗರದಿಂದ ಹೊಸನಗರ, ರಿಪ್ಪನ್‌ಪೇಟೆ, ಆಯನೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಒಳ್ಳೆಯ ರಸ್ತೆಯಿದೆ. ಬೆಳಿಗ್ಗೆ ನಗರ ಬಿಟ್ಟರೆ ಸಕಲೇಶಪುರದವರೂ ಅಂದೇ ಮನೆ ಸೇರಬಹುದು. ಮಾರನೆಯ ವಾರ ಗಾಡಿಯ ಬ್ರೇಕ್ ಪ್ಯಾಡುಗಳನ್ನು ಒಮ್ಮೆ ಬಿಚ್ಚಿಸಿ ನೋಡಿಸಿ. ನಾಲ್ಕು ಘಾಟಿ ಹತ್ತಿಳಿದದ್ದರ ಗುರುತು ಅವುಗಳ ಮೇಲೆ ಇದ್ದೇ ಇರುತ್ತದೆ.